ಬೆಳೆಯುತ್ತಿರುವ ಪ್ರಾದೇಶಿಕ ಏರ್‌ಲೈನ್‌ನಲ್ಲಿ ಕೋ-ಪೈಲಟ್ ಕೆಲಸ: ಒಪ್ಪಿಕೊಳ್ಳುವ ಮುನ್ನ ಏನನ್ನು ನೋಡಬೇಕು?

ಪ್ರಶ್ನೆ: ಮಲಪ್ರಭಾ

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿ ಜಿಲ್ಲೆಯವನು, ವಯಸ್ಸು 25. ಎರಡು ವರ್ಷಗಳ ಹಿಂದೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಪಡೆದೆ. ಒಟ್ಟು ಹಾರಾಟ 214 ಗಂಟೆ, ಮಲ್ಟಿ ಎಂಜಿನ್ ಮತ್ತು ಇನ್‌ಸ್ಟ್ರುಮೆಂಟ್ ರೇಟಿಂಗ್ ಎರಡೂ ಚಾಲ್ತಿಯಲ್ಲಿವೆ. ತರಬೇತಿಗಾಗಿ ತೆಗೆದ ಸಾಲಕ್ಕೆ ಅಪ್ಪನ ನಾಲ್ಕು ಎಕರೆ ಜಮೀನು ಅಡವಿದೆ, ಕಂತು ಆರಂಭವಾಗಿದೆ.

ದೊಡ್ಡ ಕಂಪನಿಗಳ ಎರಡು ಲಿಖಿತ ಪರೀಕ್ಷೆಗಳನ್ನು ಬರೆದೆ. ಒಂದರಲ್ಲಿ ಸಿಮ್ಯುಲೇಟರ್ ಹಂತದವರೆಗೆ ಹೋಗಿ ಹಿಂದಿರುಗಿದೆ, ಇನ್ನೊಂದರ ಫಲಿತಾಂಶವೇ ಬಂದಿಲ್ಲ. ಈ ನಡುವೆ ಎಟಿಆರ್ 72 ಎಂಬ ಸಣ್ಣ ಪ್ರೊಪೆಲ್ಲರ್ ವಿಮಾನಗಳನ್ನು ಹಾರಿಸುವ ಒಂದು ಪ್ರಾದೇಶಿಕ ಏರ್‌ಲೈನ್‌ನಿಂದ ಕರೆ ಬಂದು, ಸಂದರ್ಶನ ಮುಗಿದು, ಆಫರ್ ಕೈಗೆ ಸಿಕ್ಕಿದೆ. ಕಂಪನಿಯ ಹೆಸರನ್ನು ಇಲ್ಲಿ ಹೇಳುವುದು ಸರಿಯಲ್ಲ ಎಂದುಕೊಂಡಿದ್ದೇನೆ. ಇರುವ ವಿಮಾನಗಳು ಬೆರಳೆಣಿಕೆಯಷ್ಟು. ಎರಡು ವರ್ಷಗಳಲ್ಲಿ ಸಂಖ್ಯೆ ಇಮ್ಮಡಿಯಾಗುತ್ತದೆ, ಮೂರು ವರ್ಷಗಳಲ್ಲಿ ನಿಮ್ಮಂಥವರು ಕ್ಯಾಪ್ಟನ್ ಆಗುತ್ತೀರಿ ಎಂದು ಸಂದರ್ಶನದಲ್ಲಿ ಹೇಳಿದರು. ಟೈಪ್ ರೇಟಿಂಗ್, ಅಂದರೆ ಆ ಮಾದರಿಯ ವಿಮಾನ ಹಾರಿಸುವ ಅರ್ಹತೆಯ ವೆಚ್ಚವನ್ನು ಕಂಪನಿಯೇ ಭರಿಸಿ, ಅದಕ್ಕೆ ಪ್ರತಿಯಾಗಿ ಐದು ವರ್ಷ ಕೆಲಸ ಬಿಡುವುದಿಲ್ಲ ಎಂಬ ಬಾಂಡ್ ಬರೆಸಿಕೊಳ್ಳುತ್ತದೆ.

ನನ್ನ ಅಳುಕು ಇಷ್ಟೇ. ಪ್ರಾದೇಶಿಕ ಏರ್‌ಲೈನ್‌ಗಳು ಹುಟ್ಟುವುದನ್ನೂ ಮುಚ್ಚುವುದನ್ನೂ ನಮ್ಮ ಹುಬ್ಬಳ್ಳಿ, ಬೆಳಗಾವಿ ನಿಲ್ದಾಣಗಳೇ ಸಾಕಷ್ಟು ಕಂಡಿವೆ. ಸೇರಿದ ಒಂದೂವರೆ ವರ್ಷಕ್ಕೆ ಕಂಪನಿ ಬಾಗಿಲು ಹಾಕಿದರೆ ನಾನು ಈಗಿರುವುದಕ್ಕಿಂತ ಕೆಟ್ಟ ಸ್ಥಿತಿಗೆ ಬರುತ್ತೇನೆಯೇ? ಅಥವಾ ಏರ್‌ಬಸ್ ಹಾರಿಸುವ ಕಂಪನಿಯೊಂದರ ಮುಂದಿನ ನೇಮಕಾತಿಗಾಗಿ ಇನ್ನೊಂದು ವರ್ಷ ಕಾಯುವುದು ಜಾಣತನವೇ? ಈ ಕ್ಷೇತ್ರದಲ್ಲಿ ಇದ್ದವರು, ಇರುವವರು ದಯವಿಟ್ಟು ಮುಚ್ಚುಮರೆಯಿಲ್ಲದೆ ಹೇಳಬೇಕು.

ಉತ್ತರ 1: ಹಳೆಯ ಪ್ರೊಪೆಲ್ಲರ್

ನಾನು ಎಟಿಆರ್‌ನಲ್ಲಿಯೇ ಕೋ-ಪೈಲಟ್ ಆಗಿ, ಅದರಲ್ಲಿಯೇ ಕ್ಯಾಪ್ಟನ್ ಆದವನು. ಕೆಲಸ ಮಾಡಿದ ಮೂರು ಕಂಪನಿಗಳಲ್ಲಿ ಒಂದು ಇಂದು ಇಲ್ಲ. ಆದ್ದರಿಂದ ನಿಮ್ಮ ಅಳುಕು ಸುಳ್ಳೆಂದು ಹೇಳಲಾರೆ.

ಇತಿಹಾಸವನ್ನು ಒಮ್ಮೆ ನೆನಪಿಸಿಕೊಳ್ಳೋಣ. ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ 2003ರಲ್ಲಿ ಎಟಿಆರ್‌ಗಳೊಂದಿಗೆ ಆರಂಭವಾಗಿ, ಸಣ್ಣ ಊರುಗಳಿಗೆ ವಿಮಾನ ಎಂಬ ಕಲ್ಪನೆಯನ್ನೇ ನಮಗೆ ಕೊಟ್ಟಿತು. ಅದು ಕಿಂಗ್‌ಫಿಶರ್‌ನೊಳಗೆ ಕರಗಿತು. ಕಿಂಗ್‌ಫಿಶರ್ 2012ರ ಅಕ್ಟೋಬರ್‌ನಲ್ಲಿ ನಿಂತಿತು. ದಕ್ಷಿಣದಲ್ಲಿ ಎಂಬ್ರೇಯರ್ ಜೆಟ್‌ಗಳನ್ನು ಹಾರಿಸುತ್ತಿದ್ದ ಪ್ಯಾರಾಮೌಂಟ್ 2010ರಲ್ಲಿ, ವಿಜಯವಾಡದ ಏರ್ ಕೋಸ್ಟಾ 2017ರಲ್ಲಿ ನಿಂತವು. ಬೆಂಗಳೂರಿನ ಏರ್ ಪೆಗಾಸಸ್ 2015ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಗೆ ಮೊದಲ ಹಾರಾಟ ನಡೆಸಿ, 2016ರ ಜುಲೈನಲ್ಲಿ ಸೇವೆ ನಿಲ್ಲಿಸಿತು. ಮೈಸೂರು, ವಿದ್ಯಾನಗರ, ಬೀದರ್‌ಗಳಿಗೆ ಹಾರುತ್ತಿದ್ದ ಟ್ರೂಜೆಟ್ 2022ರ ಫೆಬ್ರವರಿಯಲ್ಲಿ ನೆಲಕ್ಕಿಳಿಯಿತು. ಆದರೆ ಮುಚ್ಚುವುದು ಸಣ್ಣವರ ರೋಗ ಮಾತ್ರ ಎಂದು ತಿಳಿಯಬೇಡಿ: ನೂರಕ್ಕೂ ಹೆಚ್ಚು ವಿಮಾನಗಳನ್ನು ಹೊಂದಿದ್ದ ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತಿತು, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ನಿಂತಿತು. ಜೆಟ್‌ನ ಸಮವಸ್ತ್ರ ತೊಟ್ಟವರಿಗೆ ಬ್ಯಾಂಕಿನವರು ಕರೆದು ಗೃಹಸಾಲ ಕೊಡುತ್ತಿದ್ದ ಕಾಲವೊಂದಿತ್ತು.

ಹಾಗಾಗಿ ಕಂಪನಿ ಉಳಿಯುತ್ತದೆಯೇ ಎಂಬ ಪ್ರಶ್ನೆಯೊಂದಿಗೆ ಇನ್ನೊಂದನ್ನೂ ಕೇಳಿಕೊಳ್ಳಿ: ಅದು ನಿಲ್ಲುವ ದಿನ ನನ್ನ ಲಾಗ್‌ಬುಕ್‌ನಲ್ಲಿ ಎಷ್ಟು ಗಂಟೆಗಳಿರುತ್ತವೆ? 214 ಗಂಟೆಯ ಹುಡುಗನಿಗೂ, ಎಟಿಆರ್ ಮೇಲೆ 1,000 ಗಂಟೆ ಹಾರಿಸಿದ ಕೋ-ಪೈಲಟ್‌ಗೂ ಮಾರುಕಟ್ಟೆಯಲ್ಲಿ ಅಜಗಜಾಂತರ. ಕ್ಯಾಪ್ಟನ್ ಆಗಲು ಬೇಕಾದ ಲೈಸೆನ್ಸ್ ಆದ ಎಟಿಪಿಎಲ್‌ಗೆ ಬೇಕಾದ ಒಟ್ಟು ಗಂಟೆ 1,500. ನಿರಂತರವಾಗಿ ಹಾರಿಸಿದರೆ ವರ್ಷಕ್ಕೆ 600ರಿಂದ 700 ಗಂಟೆ ಸೇರುತ್ತವೆ. ಅಂದರೆ ಪ್ರಯಾಣಿಕರ ವಿಮಾನದಲ್ಲಿ ನಿಯಮಿತ ಹಾರಾಟ ಆರಂಭಿಸಿದ ಸುಮಾರು ಎರಡು ವರ್ಷಗಳಲ್ಲಿ ನೀವು ಆ ಹೊಸ್ತಿಲಿನ ಬಳಿ ಇರುತ್ತೀರಿ. ಕಂಪನಿ ಅಷ್ಟು ಕಾಲ ಉಸಿರಾಡಿದರೆ ಸಾಕು, ನಿಮ್ಮ ಮಟ್ಟಿಗೆ ಅದು ತನ್ನ ಕೆಲಸ ಮಾಡಿದೆ.

ನಾನಿದ್ದ ಕಂಪನಿ ಮುಚ್ಚಿದಾಗ ನಮಗೆ ನಾಲ್ಕು ತಿಂಗಳ ಸಂಬಳ ಬಾಕಿಯಿತ್ತು, ಆ ಹಣ ಇಂದಿಗೂ ಬಂದಿಲ್ಲ. ಆದರೆ ಅಂದು ನಮ್ಮಲ್ಲಿ ಹಾರಾಟದ ಗಂಟೆಗಳಿದ್ದವರೆಲ್ಲರೂ ವರ್ಷದೊಳಗೆ ಬೇರೆಡೆ ಸೇರಿದರು. ನಿಜವಾಗಿ ಮುಳುಗಿದವರು ಯಾರೆಂದರೆ, ಟೈಪ್ ರೇಟಿಂಗ್ ಮುಗಿಸಿ, ಲೈನ್ ಟ್ರೈನಿಂಗ್‌ಗಾಗಿ, ಅಂದರೆ ಪ್ರಯಾಣಿಕರಿರುವ ವಿಮಾನದಲ್ಲಿನ ತರಬೇತಿಗಾಗಿ, ತಿಂಗಳುಗಟ್ಟಲೆ ಕಾಯುತ್ತಿದ್ದ ಆರೇಳು ಹುಡುಗರು. ಅವರಿಗೆ ಸಾಲವೂ ಇತ್ತು, ಬಾಂಡೂ ಇತ್ತು, ಗಂಟೆಗಳು ಮಾತ್ರ ಇರಲಿಲ್ಲ. ನೀವು ಹೆದರಬೇಕಾದದ್ದು ಆ ಸ್ಥಿತಿಗೆ.

ಯಾವ ವಿಮಾನ ಎಂಬುದೂ ಮುಖ್ಯ. ಎಟಿಆರ್ ರೇಟಿಂಗ್ ಇದ್ದವನಿಗೆ ಈ ದೇಶದಲ್ಲಿ ಇಂಡಿಗೋ, ಅಲಯನ್ಸ್ ಏರ್, ಗೋವಾದ ಫ್ಲೈ91 ಎಂಬ ಮೂರು ಬಾಗಿಲುಗಳಿವೆ. ಸ್ಟಾರ್ ಏರ್ ಹಾರಿಸುವ ಎಂಬ್ರೇಯರ್ ಒಳ್ಳೆಯ ಜೆಟ್, ಆದರೆ ನಿಗದಿತ ಸೇವೆಯಲ್ಲಿ ಅದನ್ನು ಬಳಸುವ ಇನ್ನೊಬ್ಬರು ಇಲ್ಲಿಲ್ಲ. ನಿಮಗೆ ಸಿಕ್ಕಿರುವುದು ಎಟಿಆರ್ ಆದ್ದರಿಂದ ಈ ಚಿಂತೆ ಕಡಿಮೆ.

ಉತ್ತರ 2: ರೋಸ್ಟರ್ ಮೇಜು

ನಾನು ಪೈಲಟ್ ಅಲ್ಲ. ಹನ್ನೊಂದು ವರ್ಷ ಕ್ರೂ ಪ್ಲ್ಯಾನಿಂಗ್ ವಿಭಾಗದಲ್ಲಿದ್ದೆ, ಅದರಲ್ಲಿ ಐದು ವರ್ಷ ಒಂದು ಪ್ರಾದೇಶಿಕ ಏರ್‌ಲೈನ್‌ನಲ್ಲಿ. ಮೇಲಿನ ಮಾತುಗಳನ್ನು ಒಪ್ಪುತ್ತೇನೆ, ಆದರೆ ‘ಎರಡು ವರ್ಷಗಳಲ್ಲಿ 1,500’ ಎಂಬ ಲೆಕ್ಕ ತುಸು ಉದಾರವಾಯಿತು ಎಂದು ನನ್ನ ಭಾವನೆ. ಏಕೆಂದರೆ ಅದು ಕ್ಯಾಪ್ಟನ್‌ಗಳು ಸಾಕಷ್ಟಿದ್ದಾರೆ ಎಂದು ಭಾವಿಸಿ ಮಾಡಿದ ಲೆಕ್ಕ.

ಹೊರಗಿನವರು ಏರ್‌ಲೈನ್‌ನ ಬೆಳವಣಿಗೆಯನ್ನು ವಿಮಾನಗಳ ಸಂಖ್ಯೆಯಿಂದ ಅಳೆಯುತ್ತಾರೆ. ಒಳಗಿರುವ ನಾವು ತರಬೇತುದಾರ ಕ್ಯಾಪ್ಟನ್‌ಗಳ ಸಂಖ್ಯೆಯಿಂದ ಅಳೆಯುತ್ತಿದ್ದೆವು. ಒಂದು ಎಟಿಆರ್ ದಿನಕ್ಕೆ ಒಂಬತ್ತು ಹತ್ತು ಗಂಟೆ ಹಾರಿದರೆ ತಿಂಗಳಿಗೆ ಸುಮಾರು 290 ಗಂಟೆ. ನಿಯಮದ ಪ್ರಕಾರ ಒಬ್ಬ ಪೈಲಟ್ ವರ್ಷಕ್ಕೆ 1,000 ಗಂಟೆ ಮೀರುವಂತಿಲ್ಲ, ಆದರೆ ರಜೆ, ಸಿಮ್ಯುಲೇಟರ್, ವೈದ್ಯಕೀಯ ಪರೀಕ್ಷೆ, ಸ್ಟ್ಯಾಂಡ್‌ಬೈ ಎಲ್ಲ ಕಳೆದರೆ ತಿಂಗಳಿಗೆ 55ರಿಂದ 60 ಗಂಟೆ ಸಿಕ್ಕರೆ ಹೆಚ್ಚು. ಹೀಗೆ ಒಂದು ವಿಮಾನಕ್ಕೆ ಐದು ಜೋಡಿ ಪೈಲಟ್‌ಗಳು ಬೇಕು, ನೆಮ್ಮದಿಯಿಂದ ನಡೆಸಬೇಕೆಂದರೆ ಆರು. ಐದು ವಿಮಾನಗಳ ಕಂಪನಿ ಹತ್ತಾಗಲು ಹೊರಟರೆ ಹೊಸದಾಗಿ 25ರಿಂದ 30 ಕ್ಯಾಪ್ಟನ್‌ಗಳು ಬೇಕು. ಕೋ-ಪೈಲಟ್ ಹುದ್ದೆಗೆ ಅಭ್ಯರ್ಥಿಗಳ ಬರವಿಲ್ಲ, 2023ರ ಒಂದೇ ವರ್ಷದಲ್ಲಿ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ 1,600ಕ್ಕೂ ಹೆಚ್ಚು ಕಮರ್ಷಿಯಲ್ ಲೈಸೆನ್ಸ್‌ಗಳನ್ನು ಕೊಟ್ಟಿದೆ. ಆದರೆ ಆ 30 ಕ್ಯಾಪ್ಟನ್‌ಗಳು ಎಲ್ಲಿಂದ ಬರುತ್ತಾರೆ? ಒಂದೋ ತಮ್ಮದೇ ಕೋ-ಪೈಲಟ್‌ಗಳನ್ನು ಬಡ್ತಿಗೆ ಸಿದ್ಧಪಡಿಸಬೇಕು, ಇಲ್ಲವೇ ಇನ್ನೊಬ್ಬರಿಂದ ಸೆಳೆಯಬೇಕು, ಇಲ್ಲವೇ ತಾತ್ಕಾಲಿಕ ಪರವಾನಗಿಯ ಮೇಲೆ ವಿದೇಶಿ ಕ್ಯಾಪ್ಟನ್‌ಗಳನ್ನು ತರಬೇಕು.

ಹೊಸ ಕೋ-ಪೈಲಟ್ ಪ್ರಯಾಣಿಕರಿರುವ ವಿಮಾನದಲ್ಲಿ ಮೊದಲು ಹಾರುವುದು ತರಬೇತುದಾರ ಕ್ಯಾಪ್ಟನ್‌ನ ಜೊತೆಯಲ್ಲಿ ಮಾತ್ರ. ಬಡ್ತಿ ಪಡೆಯುವ ಹೊಸ ಕ್ಯಾಪ್ಟನ್‌ಗೂ ಅದೇ ತರಬೇತುದಾರ ಬೇಕು. ಕಂಪನಿ ಬೆಳೆಯುವಾಗ ಇಬ್ಬರೂ ಒಂದೇ ಬಾಗಿಲಲ್ಲಿ ನುಗ್ಗುತ್ತಾರೆ. ನಮ್ಮಲ್ಲಿ ಒಮ್ಮೆ ನಾಲ್ವರು ತರಬೇತುದಾರರಲ್ಲಿ ಇಬ್ಬರು ಒಂದೇ ತಿಂಗಳಲ್ಲಿ ರಾಜೀನಾಮೆ ಕೊಟ್ಟಾಗ, ಹನ್ನೆರಡು ಹೊಸಬರು ಒಂಬತ್ತು ತಿಂಗಳು ನೆಲದ ಮೇಲೆಯೇ ಉಳಿದರು. ಆ ಹುಡುಗರು ಪ್ರತಿ ಸೋಮವಾರ ನನ್ನ ಮೇಜಿನ ಬಳಿಗೆ ಬಂದು ತಮ್ಮ ಹೆಸರು ರೋಸ್ಟರ್‌ನಲ್ಲಿದೆಯೇ ಎಂದು ಕೇಳುತ್ತಿದ್ದುದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆದ್ದರಿಂದ ನೀವು ಮಾನವ ಸಂಪನ್ಮೂಲ ವಿಭಾಗದವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು: ಇಂದು ನಿಮ್ಮಲ್ಲಿ ತರಬೇತುದಾರರು ಎಷ್ಟು ಮಂದಿ, ಅವರ ಸರದಿಗಾಗಿ ಕಾಯುತ್ತಿರುವ ಹೊಸಬರು ಎಷ್ಟು ಮಂದಿ?

ಇನ್ನು ನೇಮಕಾತಿಯ ಗಾಳಿ ಎತ್ತ ಬೀಸುತ್ತಿದೆ ಎಂಬುದು. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಗಳಿಗೆ ಆರ್ಡರ್ ಕೊಟ್ಟವು. ಆಮೇಲೆ ವಿಶ್ರಾಂತಿಯ ಹೊಸ ನಿಯಮಗಳು ಬಂದವು: ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು, ರಾತ್ರಿ ಲ್ಯಾಂಡಿಂಗ್‌ಗಳ ಮಿತಿ ಆರರಿಂದ ಎರಡಕ್ಕೆ ಇಳಿಯಿತು. 2025ರ ನವೆಂಬರ್‌ನಲ್ಲಿ ಎರಡನೆಯ ಹಂತ ಜಾರಿಯಾದ ಮರು ತಿಂಗಳೇ ಇಂಡಿಗೋದ ಸಾವಿರಾರು ಹಾರಾಟಗಳು ರದ್ದಾಗಿ, ಸರ್ಕಾರ ತಾತ್ಕಾಲಿಕ ವಿನಾಯಿತಿ ಕೊಡಬೇಕಾಯಿತು. ಅದೇ ಸಂಖ್ಯೆಯ ವಿಮಾನಗಳಿಗೆ ಇನ್ನು ಮುಂದೆ ಹೆಚ್ಚು ಪೈಲಟ್‌ಗಳು ಬೇಕು ಎಂಬುದು ಇದರ ನೇರ ಅರ್ಥ. ದೊಡ್ಡವರು ಸಣ್ಣವರ ಕ್ಯಾಪ್ಟನ್‌ಗಳನ್ನು ಸೆಳೆಯುತ್ತಾರೆ, ಸಣ್ಣವರು ಖಾಲಿಯಾದ ಆಸನಕ್ಕೆ ಹಿರಿಯ ಕೋ-ಪೈಲಟ್‌ಗಳನ್ನು ಏರಿಸುತ್ತಾರೆ, ಅವರ ಜಾಗಕ್ಕೆ ನಿಮ್ಮಂಥವರು ಬರುತ್ತಾರೆ. ನಿಮಗೆ ಆಫರ್ ಬಂದಿರುವುದೂ ಬಹುಶಃ ಈ ಸರಪಳಿಯಿಂದಲೇ. ವಿಚಿತ್ರವೆಂದರೆ, ಕಂಪನಿಗೆ ಅಪಾಯವಾದ ಸಂಗತಿಯೇ ಕೋ-ಪೈಲಟ್‌ಗೆ ಅವಕಾಶವಾಗುತ್ತದೆ. ಆದರೆ ಅದು ಒಂದು ಮಿತಿಯವರೆಗೆ ಮಾತ್ರ. ಕ್ಯಾಪ್ಟನ್‌ಗಳು ತೀರಾ ಕಡಿಮೆಯಾದರೆ ವಿಮಾನ ನಿಲ್ಲುತ್ತದೆ, ಆಗ ಬಲಗಡೆಯ ಆಸನದ ಕೋ-ಪೈಲಟ್ ಕೂಡ ಮನೆಯಲ್ಲಿ ಕೂರುತ್ತಾನೆ. 2023ರಲ್ಲಿ ಆಗಷ್ಟೇ ಎರಡನೆಯ ವರ್ಷಕ್ಕೆ ಕಾಲಿಟ್ಟಿದ್ದ ಆಕಾಶ ಏರ್‌ನಿಂದ 43 ಪೈಲಟ್‌ಗಳು ನೋಟಿಸ್ ಅವಧಿ ಪೂರೈಸದೆ ಹೊರಟಾಗ ಹಾರಾಟಗಳು ರದ್ದಾಗಿ, ವಿಷಯ ನ್ಯಾಯಾಲಯದ ಮೆಟ್ಟಿಲೇರಿದ್ದನ್ನು ನೀವು ಓದಿರಬಹುದು.

ಮಾರ್ಗಗಳ ವಿಷಯವನ್ನೂ ಹೇಳಿಬಿಡುತ್ತೇನೆ. ಆ ಕಂಪನಿಯ ಎಷ್ಟು ಮಾರ್ಗಗಳು ಸಣ್ಣ ಊರುಗಳ ವಿಮಾನ ಸೇವೆಗೆಂದು ಕೇಂದ್ರ ಸರ್ಕಾರ ನಡೆಸುವ ಉಡಾನ್ ಯೋಜನೆಯ ಸಹಾಯಧನದ ಮೇಲೆ ನಿಂತಿವೆ ಎಂದು ನೋಡಿ. ಆ ಸಹಾಯಧನ ಸಾಮಾನ್ಯವಾಗಿ ಮೂರು ವರ್ಷ ಮಾತ್ರ. ಮಹಾಲೇಖಪಾಲರ (ಸಿಎಜಿ) 2023ರ ವರದಿಯ ಪ್ರಕಾರ, ಮೂರನೆಯ ಸುತ್ತಿನವರೆಗೆ ಹಂಚಿದ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112, ಅದರಾಚೆಗೂ 2023ರ ಮಾರ್ಚ್‌ವರೆಗೆ ಉಳಿದದ್ದು 54. ಬೀದರ್‌ನವರನ್ನು ಕೇಳಿ, ವಿಮಾನ ಬರುವುದು, ನಿಲ್ಲುವುದು, ಮತ್ತೆ ಬರುವುದು ಹೇಗೆಂದು ಅವರು ಹೇಳುತ್ತಾರೆ. ಸಹಾಯಧನ ಮುಗಿದ ಮೇಲೂ ಆ ಕಂಪನಿ ಬಿಡದೆ ನಡೆಸುತ್ತಿರುವ ಮಾರ್ಗಗಳು ಯಾವುವು ಎಂಬ ಒಂದು ಪಟ್ಟಿಯನ್ನು ನೀವೇ ಮಾಡಿಕೊಳ್ಳಿ. ಪತ್ರಿಕಾ ಪ್ರಕಟಣೆಗಳಿಗಿಂತ ಆ ಪಟ್ಟಿ ಹೆಚ್ಚು ನಿಜ ಹೇಳುತ್ತದೆ.

ಉತ್ತರ 3: ಬಲಗಡೆಯ ಆಸನ

ಕಾಯಬೇಕೇ ಎಂಬ ಪ್ರಶ್ನೆಗೆ ಮಾತ್ರ ನನ್ನ ಅನುಭವ ಹೇಳುತ್ತೇನೆ. ನಾನು ಕಾದವನು.

2018ರ ಕೊನೆಯಲ್ಲಿ ಪ್ರಾದೇಶಿಕ ಕಂಪನಿಯೊಂದರ ಅವಕಾಶ ಬಿಟ್ಟು, ನನ್ನದೇ ಹಣದಲ್ಲಿ, ಅಂದರೆ ಮತ್ತೊಂದು ಸಾಲದಲ್ಲಿ, ಏರ್‌ಬಸ್ ಎ320 ಟೈಪ್ ರೇಟಿಂಗ್ ಮಾಡಿಕೊಂಡೆ. ಪ್ರೊಪೆಲ್ಲರ್ ವಿಮಾನ ಹತ್ತಿದರೆ ಅಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತೇನೆ ಎಂದು ಯಾರೋ ಹೆದರಿಸಿದ್ದರು. ಕೆಲವೇ ತಿಂಗಳಲ್ಲಿ ಜೆಟ್ ಏರ್‌ವೇಸ್ ನಿಂತು, ಸಾವಿರಾರು ಗಂಟೆಗಳ ಅನುಭವವಿದ್ದವರು ನನ್ನೊಂದಿಗೆ ಅದೇ ಸಾಲಿನಲ್ಲಿ ನಿಂತರು. ಆ ಬೆನ್ನಿಗೇ ಕೊರೊನಾ ಬಂತು. ಮೂರೂವರೆ ವರ್ಷ ಕಳೆಯಿತು. ಲೈಸೆನ್ಸ್ ಎಂಬುದು ಪದವಿ ಪ್ರಮಾಣಪತ್ರದಂತೆ ಕಪಾಟಿನಲ್ಲಿ ಇಡುವ ವಸ್ತುವಲ್ಲ: ಇನ್‌ಸ್ಟ್ರುಮೆಂಟ್ ರೇಟಿಂಗ್ ವರ್ಷಕ್ಕೊಮ್ಮೆ ನವೀಕರಿಸಬೇಕು, ಒಂದನೆಯ ದರ್ಜೆಯ ವೈದ್ಯಕೀಯ ಪರೀಕ್ಷೆಯೂ ವರ್ಷಕ್ಕೊಮ್ಮೆ, ಹಾರಿಸದೆ ಬಿಟ್ಟ ಟೈಪ್ ರೇಟಿಂಗ್ ಹಾಗೆಯೇ ಸಾಯುತ್ತದೆ. ಪ್ರತಿ ವರ್ಷವೂ ಹಣ ಸುರಿಯುತ್ತಾ ಅದೇ ಜಾಗದಲ್ಲಿ ನಿಂತಿದ್ದೆ. ಸಂದರ್ಶನಗಳಲ್ಲಿಯೂ ‘ಕೊನೆಯ ಬಾರಿ ಹಾರಿಸಿದ್ದು ಯಾವಾಗ’ ಎಂಬ ಪ್ರಶ್ನೆಯೇ ಮೊದಲು ಬರುತ್ತಿತ್ತು.

ಕೊನೆಗೆ ಸಿಕ್ಕಿದ್ದು ಎಟಿಆರ್. ದಿನಕ್ಕೆ ನಾಲ್ಕು ಲ್ಯಾಂಡಿಂಗ್, ಮಳೆಗಾಲದಲ್ಲಿ ಶಿವಮೊಗ್ಗದ ಸೊಗಾನೆಯಂಥ ನಿಲ್ದಾಣಗಳ ಮೇಲೆ ಮೋಡ ಕವಿದು ಸುತ್ತು ಹಾಕುವುದು, ಇಂಧನ ಲೆಕ್ಕ ಹಾಕಿ ಹಿಂದಿರುಗುವುದು, ಇವೆಲ್ಲ ಎರಡು ವರ್ಷಗಳಲ್ಲಿ ಕಲಿಸಿದಷ್ಟನ್ನು ಮೂರು ಗಂಟೆಗಳ ಒಂದೇ ಹಾರಾಟದ ಕೆಲಸ ಕಲಿಸುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ. ಸಿಕ್ಕಿಹಾಕಿಕೊಳ್ಳುವ ಮಾತಂತೂ ಸುಳ್ಳು. ನನ್ನೊಂದಿಗಿದ್ದ ಇಬ್ಬರು ಈಗ ಏರ್‌ಬಸ್‌ನಲ್ಲಿದ್ದಾರೆ. ನಾನು ಹೋಗಿಲ್ಲ, ಕ್ಯಾಪ್ಟನ್ ಆಗುವ ಕಮಾಂಡ್ ತರಬೇತಿಯ ಸರದಿಯಲ್ಲಿದ್ದೇನೆ.

ಮಲಪ್ರಭಾ

ಮೂವರಿಗೂ ಧನ್ಯವಾದ. ಬಾಂಡ್‌ನ ಕರಡನ್ನು ಮತ್ತೆ ಓದಿದೆ. ನನಗೆ ಗೊಂದಲವಿರುವ ಅಂಶಗಳು ನಾಲ್ಕು. ಐದು ವರ್ಷಗಳ ಎಣಿಕೆ ಸೇರಿದ ದಿನದಿಂದಲ್ಲ, ‘ಲೈನ್‌ಗೆ ಬಿಡುಗಡೆಯಾದ ದಿನದಿಂದ’, ಅಂದರೆ ಲೈನ್ ಟ್ರೈನಿಂಗ್ ಮುಗಿದ ದಿನದಿಂದ ಎಂದಿದೆ. ಮಧ್ಯದಲ್ಲಿ ಬಿಟ್ಟರೆ ಕಟ್ಟಬೇಕಾದ ಮೊತ್ತ ಮೊದಲ ವರ್ಷವೂ ಕೊನೆಯ ವರ್ಷವೂ ಒಂದೇ. ಭದ್ರತೆಗೆಂದು ದಿನಾಂಕ ಬರೆಯದ, ಸಹಿ ಮಾಡಿದ ಎರಡು ಚೆಕ್ಕುಗಳನ್ನು ಕೇಳಿದ್ದಾರೆ. ಕಂಪನಿಯೇ ಸಂಬಳ ಕೊಡದಿದ್ದರೆ ಅಥವಾ ಮುಚ್ಚಿದರೆ ಬಾಂಡ್ ಏನಾಗುತ್ತದೆ ಎಂಬ ಬಗ್ಗೆ ಒಂದು ಸಾಲೂ ಇಲ್ಲ. ಇವು ಈ ಕ್ಷೇತ್ರದಲ್ಲಿ ಸಹಜವೇ?

ಉತ್ತರ 4: ಕರಾರುಪತ್ರ

ನಾನು ಧಾರವಾಡದಲ್ಲಿ ವಕೀಲ. ಸೇವಾ ವಿಷಯಗಳ ಪ್ರಕರಣಗಳನ್ನು ನಡೆಸುತ್ತೇನೆ, ಅವುಗಳಲ್ಲಿ ಕೆಲವು ಪೈಲಟ್‌ಗಳವು. ಇಲ್ಲಿ ಹೇಳುವುದು ಸಾಮಾನ್ಯ ಮಾತು. ನಿಮ್ಮ ಕಾಗದವನ್ನು ಯಾರಾದರೂ ಪೂರ್ತಿ ಓದಿಯೇ ಸಲಹೆ ಕೊಡಬೇಕು.

ಬಾಂಡ್ ಎಂದರೆ ಕೋರ್ಟಿನಲ್ಲಿ ನಿಲ್ಲದ ಕಾಗದ ಎಂಬ ನಂಬಿಕೆ ಪೈಲಟ್‌ಗಳ ನಡುವೆ ಬಹಳವಾಗಿದೆ. ಅದನ್ನು ಬಿಡಿ. ವಿಜಯಾ ಬ್ಯಾಂಕ್‌ನ ಉದ್ಯೋಗಿಯೊಬ್ಬರು ಮೂರು ವರ್ಷ ಪೂರೈಸದೆ ಹೊರಟಾಗ ಕಟ್ಟಿದ ಎರಡು ಲಕ್ಷ ರೂಪಾಯಿಯ ಪ್ರಕರಣ ನಮ್ಮ ಹೈಕೋರ್ಟ್‌ನಿಂದ ದೆಹಲಿಗೆ ಹೋಗಿ, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅಂಥ ಷರತ್ತನ್ನು ಎತ್ತಿಹಿಡಿಯಿತು. ಕೆಲಸದಲ್ಲಿರುವ ಅವಧಿಗೆ ಸಂಬಂಧಿಸಿದ ಕನಿಷ್ಠ ಸೇವೆಯ ಷರತ್ತು, ಬೇರೆಡೆ ಉದ್ಯೋಗ ಮಾಡದಂತೆ ಹಾಕುವ ನಿರ್ಬಂಧವಲ್ಲ ಎಂಬುದು ಅದರ ತಿರುಳು. ಹಾಗೆಂದು ಕಂಪನಿ ಬರೆದ ಮೊತ್ತವೆಲ್ಲ ವಸೂಲಾಗುತ್ತದೆ ಎಂದೂ ಅಲ್ಲ. ಕರಾರು ಕಾಯ್ದೆಯ 74ನೇ ವಿಧಿಯಂತೆ ಸಿಗುವುದು ಸಮಂಜಸವಾದ ಪರಿಹಾರ. ಆದ್ದರಿಂದ ಸೇವೆ ಸಲ್ಲಿಸಿದಂತೆ ಮೊತ್ತ ವರ್ಷದಿಂದ ವರ್ಷಕ್ಕೆ ಇಳಿಯುವಂತೆ ಬರೆಸಿಕೊಳ್ಳಲು ಕೇಳಿ. ಸಾಮಾನ್ಯವಾಗಿ ಒಪ್ಪುತ್ತಾರೆ, ಒಪ್ಪದಿದ್ದರೆ ಆ ಕಂಪನಿಯ ಮನೋಭಾವದ ಬಗ್ಗೆ ನಿಮಗೆ ಒಂದು ಸುಳಿವು ಸಿಕ್ಕಂತಾಯಿತು.

ಎಣಿಕೆಯ ದಿನಾಂಕವೇ ಇಲ್ಲಿ ಅತ್ಯಂತ ಅಪಾಯದ ಸಾಲು. ಮೇಲೆ ‘ರೋಸ್ಟರ್ ಮೇಜು’ ಅವರು ಹೇಳಿದ ಒಂಬತ್ತು ತಿಂಗಳ ಕಾಯುವಿಕೆಯನ್ನು ಈ ಸಾಲಿನೊಂದಿಗೆ ಇಟ್ಟು ನೋಡಿ: ತರಬೇತುದಾರರಿಲ್ಲದೆ ಕಂಪನಿಯೇ ನಿಮ್ಮನ್ನು ಕೂರಿಸಿದರೂ ಐದು ವರ್ಷಗಳ ಗಡಿಯಾರ ಓಡುವುದೇ ಇಲ್ಲ. ಸೇರಿದ ದಿನದಿಂದ, ಹೆಚ್ಚೆಂದರೆ ಸಿಮ್ಯುಲೇಟರ್ ಪರೀಕ್ಷೆ ಮುಗಿದ ದಿನದಿಂದ ಎಣಿಕೆಯಾಗಬೇಕು ಎಂದು ಹಟ ಹಿಡಿಯಿರಿ.

ಚೆಕ್ಕುಗಳನ್ನು ಕೊಡಬೇಡಿ. ಖಾಲಿ ಚೆಕ್ಕು ಕೊಟ್ಟರೆ ಸಿವಿಲ್ ವ್ಯಾಜ್ಯವಾಗಬೇಕಾದದ್ದು ಚೆಕ್ ಅಮಾನ್ಯದ ಕ್ರಿಮಿನಲ್ ದೂರಾಗುತ್ತದೆ. ಆಮೇಲೆ ಪ್ರತಿ ವಾಯಿದೆಗೂ ಓಡಾಡಬೇಕಾದವರು ನೀವು.

ಕಂಪನಿ ಎರಡು ತಿಂಗಳಿಗಿಂತ ಹೆಚ್ಚು ಕಾಲ ಸಂಬಳ ಬಾಕಿ ಉಳಿಸಿದರೆ, ಅಥವಾ ಇಷ್ಟು ತಿಂಗಳು ನಿರಂತರವಾಗಿ ಹಾರಾಟ ಕೊಡದಿದ್ದರೆ, ಬಾಂಡ್ ತಾನಾಗಿಯೇ ಕೊನೆಗೊಳ್ಳುತ್ತದೆ ಎಂಬ ಸಾಲನ್ನು ಸೇರಿಸಲು ಕೇಳಿ. ನೋಟಿಸ್ ಅವಧಿ ಬೇರೆಯೇ ವಿಷಯ, ಅದನ್ನು ಬಾಂಡ್‌ನೊಂದಿಗೆ ಬೆರೆಸಬೇಡಿ. ಡಿಜಿಸಿಎ 2017ರಲ್ಲಿ ತಂದ ನಿಯಮದಂತೆ ಕೋ-ಪೈಲಟ್‌ಗೆ ಆರು ತಿಂಗಳು, ಕ್ಯಾಪ್ಟನ್‌ಗೆ ಒಂದು ವರ್ಷ. ಬಾಂಡ್ ಮುಗಿದರೂ ಇದು ಉಳಿದಿರುತ್ತದೆ. ನೋಟಿಸ್ ಅವಧಿಯಲ್ಲಿ ಕಂಪನಿ ಸಂಬಳ ಕಡಿತ ಮಾಡಿದರೆ ಬೇಗ ಬಿಡುಗಡೆ ಕೇಳುವ ಅವಕಾಶ ಆ ನಿಯಮದಲ್ಲಿಯೇ ಇದೆ.

ಮುಚ್ಚಿದಾಗಿನ ಮಾತು. ದಿವಾಳಿ ಸಂಹಿತೆಯ 53ನೇ ವಿಧಿಯ ಸಾಲಿನಲ್ಲಿ ಕಾರ್ಮಿಕರಲ್ಲದ ಉದ್ಯೋಗಿಗಳ ಹನ್ನೆರಡು ತಿಂಗಳ ಸಂಬಳಕ್ಕೆ ಒಂದು ಸ್ಥಾನವಿದೆ, ಆದರೆ ಅದು ಆಸ್ತಿಯ ಭದ್ರತೆಯ ಮೇಲೆ ಸಾಲ ಕೊಟ್ಟವರ ನಂತರ. ಹಂಚಲು ಆಸ್ತಿ ಇದ್ದರಲ್ಲವೇ? ಪ್ರಾದೇಶಿಕ ಏರ್‌ಲೈನ್‌ಗಳ ವಿಮಾನಗಳು ಬಹುತೇಕ ಗುತ್ತಿಗೆಯವು. ಗೋ ಫಸ್ಟ್ ಪ್ರಕರಣದಲ್ಲಿ ಗುತ್ತಿಗೆಗೆ ಕೊಟ್ಟ ಮಾಲೀಕರು ತಮ್ಮ ವಿಮಾನಗಳಿಗಾಗಿ ವರ್ಷದಷ್ಟು ಕಾಲ ಹೋರಾಡಬೇಕಾಯಿತು. ಆ ನಡುವೆ, 2023ರ ಅಕ್ಟೋಬರ್‌ನಲ್ಲಿ, ಸರ್ಕಾರ ವಿಮಾನಗಳನ್ನು ದಿವಾಳಿ ತಡೆಯಾಜ್ಞೆಯ (ದಿವಾಳಿ ಪ್ರಕ್ರಿಯೆ ನಡೆಯುವಾಗ ಕಂಪನಿಯ ಬಳಿಯಿರುವ ಆಸ್ತಿಯನ್ನು ಯಾರೂ ಕೊಂಡೊಯ್ಯದಂತೆ ಹಾಕುವ ತಡೆ) ವ್ಯಾಪ್ತಿಯಿಂದ ಹೊರಗಿಟ್ಟಿತು. 2025ರಲ್ಲಿ ವಿಮಾನಗಳ ಮೇಲಿನ ಹಿತಾಸಕ್ತಿ ರಕ್ಷಣೆಯ ಕಾಯ್ದೆಯೇ ಬಂದಿತು. ಇದರಿಂದ ದೇಶಕ್ಕೆ ಗುತ್ತಿಗೆಯ ದರ ಇಳಿಯಬಹುದು, ಅದು ಒಳ್ಳೆಯದೇ. ಆದರೆ ಬಾಡಿಗೆ ತಪ್ಪಿಸಿದ ಏರ್‌ಲೈನ್‌ನ ವಿಮಾನಗಳು ಇನ್ನು ಮುಂದೆ ವರ್ಷಗಟ್ಟಲೆ ನಿಲ್ದಾಣದಲ್ಲಿ ನಿಲ್ಲುವುದಿಲ್ಲ, ಕೆಲವೇ ವಾರಗಳಲ್ಲಿ ಹೊರಟುಹೋಗುತ್ತವೆ. ಕಂಪನಿ ಚೇತರಿಸಿಕೊಳ್ಳಬಹುದೆಂದು ಉದ್ಯೋಗಿಗಳು ಕಾದು ಕೂರುವ ಕಾಲ ಮುಗಿಯಿತು. ಸಂಬಳ ಮೊದಲ ಬಾರಿ ತಡವಾದ ತಿಂಗಳಲ್ಲಿಯೇ ಅರ್ಜಿಗಳನ್ನು ಹಾಕಲು ಆರಂಭಿಸಿ, ಭವಿಷ್ಯನಿಧಿಯ ಹಣ ಜಮೆಯಾಗುತ್ತಿದೆಯೇ ಎಂದು ಪ್ರತಿ ತಿಂಗಳೂ ನೋಡುತ್ತಿರಿ. ನನ್ನ ಕಕ್ಷಿದಾರರಲ್ಲಿ ಹೆಚ್ಚಿನವರಿಗೆ ಮೊದಲ ಎಚ್ಚರಿಕೆ ಸಿಕ್ಕಿದ್ದು ಅಲ್ಲಿಯೇ.

ಉತ್ತರ 5: ಹಳೆಯ ಪ್ರೊಪೆಲ್ಲರ್

‘ರೋಸ್ಟರ್ ಮೇಜು’ ಅವರು ನನ್ನ ಲೆಕ್ಕವನ್ನು ತಿದ್ದಿದ್ದು ಸರಿಯಾಗಿದೆ. ನಾನು ಲೈನ್‌ಗೆ ಬಿಡುಗಡೆಯಾದ ಮೇಲಿನ ಎರಡು ವರ್ಷ ಹೇಳಿದೆ. ಅದಕ್ಕೆ ಮುಂಚಿನ ಕಾಯುವಿಕೆಯನ್ನು ಸೇರಿಸಿದರೆ ಮೂರು ಎಂದು ಹಿಡಿಯಿರಿ. ಮೂರು ವರ್ಷಗಳಲ್ಲಿ ಕ್ಯಾಪ್ಟನ್ ಎಂಬ ಮಾತನ್ನೂ ಅದೇ ಅಳತೆಯಲ್ಲಿ ನೋಡಿ. 1,500 ಗಂಟೆ ಕಾನೂನಿನ ಹೊಸ್ತಿಲು ಮಾತ್ರ. ಬಹಳಷ್ಟು ಕಂಪನಿಗಳು ತಮ್ಮದೇ ಆದ, ಅದಕ್ಕಿಂತ ಎತ್ತರದ ಅಳತೆ ಇಟ್ಟುಕೊಂಡಿರುತ್ತವೆ, ಮತ್ತು ಆ ಅಳತೆ ಕ್ಯಾಪ್ಟನ್‌ಗಳ ಕೊರತೆಯಾದಾಗ ಇಳಿಯುತ್ತದೆ, ಸಾಕಷ್ಟಿದ್ದಾಗ ಏರುತ್ತದೆ.

ಎರಡು ವರ್ಷಗಳಲ್ಲಿ ಇಮ್ಮಡಿ ಎಂದವರನ್ನು, ಬರುವ ವಿಮಾನಗಳ ಗುತ್ತಿಗೆಗೆ ಸಹಿಯಾಗಿದೆಯೇ ಎಂದು ವಿನಯದಿಂದಲೇ ಕೇಳಿ. ಹೊಸ ಏರ್‌ಲೈನ್‌ಗಳಿಗೆ ಸಚಿವಾಲಯದ ನಿರಾಕ್ಷೇಪಣಾ ಪತ್ರ ಸಿಕ್ಕ ದಿನವೇ ವಾಟ್ಸಾಪ್ ಗುಂಪುಗಳಲ್ಲಿ ನೇಮಕಾತಿಯ ಸುದ್ದಿ ಹಾರಾಡುತ್ತದೆ. ಆ ಪತ್ರಕ್ಕೂ, ನಿಜವಾಗಿ ಹಾರಲು ಬೇಕಾದ ಕಾರ್ಯಾಚರಣೆ ಪರವಾನಗಿಗೂ ನಡುವೆ ವರ್ಷಗಳೇ ಕಳೆಯಬಹುದು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ಅಭ್ಯಾಸ ನಮ್ಮ ವೃತ್ತಿಯಲ್ಲಿ ತುಸು ಹೆಚ್ಚು. ನಿಮ್ಮ ಕಂಪನಿ ಈಗಾಗಲೇ ಹಾರುತ್ತಿದೆ ಎಂಬುದು ಒಂದು ಸಮಾಧಾನ.

ಇನ್ನೊಂದು ಮಾತು, ಯಾರೂ ಹೇಳಲಿಲ್ಲ. ನೌಕರಿ ಕಂಪನಿಯಿಂದ ಮಾತ್ರವಲ್ಲ, ದೇಹದಿಂದಲೂ ಹೋಗುತ್ತದೆ. ನನ್ನ ಜೊತೆಗಾರನೊಬ್ಬ 31ನೇ ವಯಸ್ಸಿಗೆ ಸಕ್ಕರೆ ಕಾಯಿಲೆಯಿಂದಾಗಿ ವೈದ್ಯಕೀಯ ಪರೀಕ್ಷೆಯಲ್ಲಿ ಅನರ್ಹನಾದ. ಕಂಪನಿ ಚೆನ್ನಾಗಿಯೇ ನಡೆಯುತ್ತಿತ್ತು. ಲೈಸೆನ್ಸ್ ನಷ್ಟದ ವಿಮೆಯನ್ನು ಕಂಪನಿ ಕೊಡುತ್ತದೆಯೇ ಎಂದು ನೋಡಿ, ಕೊಡದಿದ್ದರೆ ಮೊದಲ ಸಂಬಳದಲ್ಲಿಯೇ ನೀವು ಮಾಡಿಸಿ. ಜಮೀನು ಅಡವಿರುವವನಿಗೆ ಇದು ಐಚ್ಛಿಕವಲ್ಲ.

ಆಫರ್ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿಯೇ ಹೇಳುತ್ತೇನೆ: ಎಣಿಕೆಯ ದಿನಾಂಕ ಮತ್ತು ಇಳಿಯುವ ಮೊತ್ತ, ಈ ಎರಡು ತಿದ್ದುಪಡಿಗಳಿಗೆ ಒಪ್ಪಿದರೆ ಸೇರಿ. ಚೆಕ್ಕಿನ ವಿಷಯದಲ್ಲಿ ವಕೀಲರ ಮಾತೇ ನನ್ನದೂ.

ಮಲಪ್ರಭಾ

ಇಂದು ಬೆಳಿಗ್ಗೆ ಮಾನವ ಸಂಪನ್ಮೂಲ ವಿಭಾಗಕ್ಕೆ ಪತ್ರ ಬರೆದೆ. ತರಬೇತುದಾರರ ಸಂಖ್ಯೆಯನ್ನು ಫೋನಿನಲ್ಲಿ ಹೇಳಿದರು: ಐವರು, ಅವರ ಸರದಿಗೆ ಈಗ ಕಾಯುತ್ತಿರುವವರು ಎಂಟು ಮಂದಿ, ನಾನು ಸೇರಿದರೆ ಒಂಬತ್ತು. ಮೊತ್ತ ವರ್ಷಕ್ಕೆ ಐದನೇ ಒಂದು ಭಾಗದಂತೆ ಇಳಿಯಲು ಒಪ್ಪಿದ್ದಾರೆ. ಚೆಕ್ಕಿನ ಬದಲು ಅಪ್ಪನ ಜಾಮೀನು ಸಹಿ ಸಾಕೇ ಎಂದು ಕೇಳುತ್ತಿದ್ದಾರೆ. ಎಣಿಕೆಯ ದಿನಾಂಕದ ಬಗ್ಗೆ ಮಾತ್ರ ಸೋಮವಾರ ಹೇಳುತ್ತೇವೆ ಎಂದಿದ್ದಾರೆ. ‘ಕರಾರುಪತ್ರ’ ಅವರೇ, ಜಾಮೀನು ಸಹಿಯ ವಿಷಯದಲ್ಲಿ ಏನು ಮಾಡಲಿ?

ಕರಾರುಪತ್ರ

ಅಪ್ಪನ ಸಹಿ ಬೇಡ. ಅವರ ಜಮೀನು ಈಗಾಗಲೇ ಒಂದು ಸಾಲಕ್ಕೆ ನಿಂತಿದೆ, ಎರಡನೆಯ ಹೊಣೆಗೆ ಅವರನ್ನು ಎಳೆಯಬೇಡಿ. ನಿಮ್ಮ ಒಬ್ಬರ ಸಹಿಯ ಕರಾರು ಸಾಕೆಂದು ಬರೆದು ಕಳುಹಿಸಿ, ಸೋಮವಾರದ ಉತ್ತರ ಬಂದ ಮೇಲೆ ಕರಡನ್ನು ನನಗೆ ಖಾಸಗಿಯಾಗಿ ತೋರಿಸಿ.